ಅಮ್ಮನ ಮೆಡಿಕೇರ್ ಮತ್ತು ಕಮಿಷನ್ ಇಲ್ಲದ ಸಲಹೆ: ಶಿಪ್ ಸೇವೆಯ ಒಂದು ವಿಮರ್ಶೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ, ಊರಿನಿಂದ ಬಂದು ಗ್ರೀನ್ ಕಾರ್ಡ್ ಪಡೆದು ಮಕ್ಕಳ ಜೊತೆಗಿರುವ ತಂದೆ ತಾಯಿಯರ ಆರೋಗ್ಯ ವಿಮೆಯ ಮಾತು ಬಂದಾಗ ಎರಡು ಅಭಿಪ್ರಾಯಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇಲ್ಲಿ ದುಡಿಯದವರಿಗೆ ಮೆಡಿಕೇರ್, ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ, ಸಿಗುವುದೇ ಇಲ್ಲ ಎನ್ನುವುದು ಒಂದು. 65 ದಾಟಿದರೆ ಅದು ತಾನಾಗಿಯೇ ಮನೆಗೆ ಬರುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು. ಅಮ್ಮನ ವಿಷಯದಲ್ಲಿ ನಾನು ಮೊದಲನೆಯದನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಂಬಿಕೊಂಡಿದ್ದೆ. ಆ ತಪ್ಪು ದುಬಾರಿಯಾಗುವ ಮೊದಲೇ ನನ್ನನ್ನು ತಿದ್ದಿದ್ದು ಸ್ಟೇಟ್ ಹೆಲ್ತ್ ಇನ್ಶೂರೆನ್ಸ್ ಅಸಿಸ್ಟೆನ್ಸ್ ಪ್ರೋಗ್ರಾಮ್, ಅಂದರೆ ಚಿಕ್ಕದಾಗಿ ಶಿಪ್ ಎಂದು ಕರೆಯುವ ಉಚಿತ ಸಲಹಾ ಸೇವೆ. ನಮ್ಮವರಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ ಎಂದು ನನಗೆ ಅನಿಸಿರುವುದರಿಂದ, ಅದನ್ನು ಬಳಸಿದ ಅನುಭವವನ್ನು ಕೊಂಚ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸೇವೆಯ ಪರಿಚಯ. 1990ರ ಒಂದು ಕಾಯಿದೆಯಿಂದ ಹುಟ್ಟಿದ ಈ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ ಹಣ ಕೊಡುತ್ತದೆ, ರಾಜ್ಯಗಳು ನಡೆಸುತ್ತವೆ. ಎಲ್ಲ ರಾಜ್ಯಗಳಲ್ಲೂ ಇದೆ, ಆದರೆ ಎಲ್ಲ ಕಡೆ ಒಂದೇ ಹೆಸರಿನಲ್ಲಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ಹೈಕ್ಯಾಪ್, ಫ್ಲೋರಿಡಾ ಮತ್ತು ಮ್ಯಾಸಚೂಸೆಟ್ಸ್‌ಗಳಲ್ಲಿ ಶೈನ್, ವಾಷಿಂಗ್ಟನ್ ರಾಜ್ಯದಲ್ಲಿ ಶೀಬಾ. ಜನರಿಗೆ ಇದು ಗೊತ್ತಾಗದಿರಲು ಈ ಹೆಸರುಗಳ ಗೊಂದಲವೂ ಒಂದು ಕಾರಣವಿರಬೇಕು. 877-839-2675 ಸಂಖ್ಯೆಗೆ ಕರೆ ಮಾಡಿ ನಿಮ್ಮ ರಾಜ್ಯದ ಹೆಸರು ಹೇಳಿದರೆ ಹತ್ತಿರದ ಕೇಂದ್ರದ ಮಾಹಿತಿ ಸಿಗುತ್ತದೆ. ಸಲಹೆಗಾರರಲ್ಲಿ ಬಹಳಷ್ಟು ಮಂದಿ ತರಬೇತಿ ಪಡೆದ ಸ್ವಯಂಸೇವಕರು. ಅವರು ಯಾವ ವಿಮೆಯನ್ನೂ ಮಾರುವುದಿಲ್ಲ, ಯಾವ ಕಂಪನಿಯಿಂದಲೂ ಕಮಿಷನ್ ಪಡೆಯುವುದಿಲ್ಲ.

ಅಮ್ಮ ಬಂದದ್ದು 2021ರ ಮಾರ್ಚ್‌ನಲ್ಲಿ, ಆಗ ಅವರಿಗೆ 67. ಮೈಸೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅಮೆರಿಕದಲ್ಲಿ ಒಂದು ದಿನವೂ ದುಡಿದವರಲ್ಲ. ಬಂದ ಹೊಸದರಲ್ಲೇ ಪರಿಚಯದ ವಿಮಾ ಏಜೆಂಟ್ ಒಬ್ಬರನ್ನು ಕೇಳಿದಾಗ, 40 ಕ್ರೆಡಿಟ್ (ಇಲ್ಲಿ ತೆರಿಗೆ ಕಟ್ಟಿ ದುಡಿದದ್ದಕ್ಕೆ ಸಿಗುವ ಅಂಕ) ಇಲ್ಲದವರಿಗೆ ಮೆಡಿಕೇರ್ ಇಲ್ಲ, ಆ ಆಸೆ ಬಿಟ್ಟುಬಿಡಿ ಎಂದು ಖಚಿತವಾಗಿ ಹೇಳಿದ್ದರು. ಹೇಳಿದವರು ಅದೇ ಕೆಲಸದಲ್ಲಿರುವವರಾದ್ದರಿಂದ ನಾನು ಮತ್ತೆ ಪ್ರಶ್ನಿಸಲಿಲ್ಲ. ಅಮ್ಮನನ್ನು ಮಾರ್ಕೆಟ್‌ಪ್ಲೇಸ್ ವಿಮೆಗೆ (ಸರ್ಕಾರಿ ಜಾಲತಾಣದ ಮೂಲಕ ಕೊಳ್ಳುವ ಖಾಸಗಿ ವಿಮೆ) ಸೇರಿಸಿ ವರ್ಷ ವರ್ಷವೂ ಅದನ್ನೇ ನವೀಕರಿಸುತ್ತ ಬಂದೆ. ಕಳೆದ ನವೆಂಬರ್‌ನಲ್ಲಿ, ಗ್ರಂಥಾಲಯದ ಸೂಚನಾ ಫಲಕದಲ್ಲಿ ಈ ಸೇವೆಯ ಒಂದು ಚೀಟಿ ಕಂಡಿತು. ಕೇಳಿ ನೋಡೋಣ ಎಂದು ಕರೆ ಮಾಡಿದೆ.

ಭೇಟಿಗೆ ಡಿಸೆಂಬರ್ ಮಧ್ಯದವರೆಗೆ ಕಾಯಬೇಕಾಯಿತು. ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ, ಈಗಾಗಲೇ ಮೆಡಿಕೇರ್ ಇರುವವರೆಲ್ಲ ಮುಂದಿನ ವರ್ಷದ ಯೋಜನೆ ಬದಲಿಸಿಕೊಳ್ಳುವ ಕಾಲ. ಆಗ ಸಲಹೆಗಾರರ ಸಮಯ ಸಿಗುವುದು ಕಷ್ಟ. ಹೊಸದಾಗಿ ಸೇರುವವರು ಸಾಧ್ಯವಾದರೆ ಬೇಸಿಗೆಯಲ್ಲೇ ಭೇಟಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ನಮಗೆ ಸಿಕ್ಕ ಸಲಹೆಗಾರ್ತಿ ಎಪ್ಪತ್ತರ ಆಸುಪಾಸಿನವರು, ತಾವೇ ಮೆಡಿಕೇರ್ ಪಡೆಯುತ್ತಿರುವವರು. ಒಂದೂವರೆ ಗಂಟೆಯ ಭೇಟಿಯಲ್ಲಿ ಮೊದಲ ಅರ್ಧ ಗಂಟೆ ಅವರು ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ, ಬರೀ ಕೇಳಿದರು. ಗ್ರೀನ್ ಕಾರ್ಡಿನ ಮೇಲಿರುವ ದಿನಾಂಕ ಯಾವುದು? ಅಂದಿನಿಂದ ಎಷ್ಟು ಸಲ ಭಾರತಕ್ಕೆ ಹೋಗಿ ಬಂದಿದ್ದೀರಿ, ಪ್ರತಿ ಸಲ ಎಷ್ಟು ದಿನ ಇದ್ದಿರಿ? ನಿಮ್ಮ ಯಜಮಾನರು ಇಲ್ಲಿ ಎಂದಾದರೂ ಕೆಲಸ ಮಾಡಿದ್ದರೇ? ಊರಿನಲ್ಲಿ ಪಿಂಚಣಿ ಬರುತ್ತದೆಯೇ, ಎಷ್ಟು? ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತೀರಿ? ಪ್ರಶ್ನೆಗಳನ್ನು ನನಗಲ್ಲ, ಅಮ್ಮನಿಗೇ ಕೇಳಿದರು ಎಂಬುದನ್ನು ವಿಶೇಷವಾಗಿ ಹೇಳಬೇಕು. ವೈದ್ಯರ ಬಳಿಯಾಗಲಿ ಕಚೇರಿಯಲ್ಲಾಗಲಿ ಈ ದೇಶದಲ್ಲಿ ಅಮ್ಮನ ವಿಷಯವನ್ನು ಎಲ್ಲರೂ ನನ್ನ ಮುಖ ನೋಡಿ ಮಾತಾಡುತ್ತಾರೆ. ಆ ದಿನ ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕುಳಿತರು.

ಆಮೇಲೆ ಬಂದದ್ದು ಉತ್ತರ. ಗ್ರೀನ್ ಕಾರ್ಡ್ ಉಳ್ಳವರು 65 ತುಂಬಿದ್ದು, ಅರ್ಜಿ ಹಾಕುವುದಕ್ಕೆ ಮುಂಚಿನ 5 ವರ್ಷ ಸತತವಾಗಿ ಇಲ್ಲೇ ವಾಸವಾಗಿದ್ದರೆ, ಒಂದು ಕ್ರೆಡಿಟ್ ಇಲ್ಲದಿದ್ದರೂ ಮೆಡಿಕೇರ್ ಕೊಳ್ಳಬಹುದು. 40 ಕ್ರೆಡಿಟ್, ಅಂದರೆ ಸುಮಾರು 10 ವರ್ಷದ ದುಡಿಮೆ, ಬೇಕಾಗುವುದು ಆಸ್ಪತ್ರೆ ವಾಸವನ್ನು ನೋಡಿಕೊಳ್ಳುವ ಪಾರ್ಟ್ ಎ ಕಂತಿಲ್ಲದೆ ಸಿಗುವುದಕ್ಕೆ ಮಾತ್ರ. ಏಜೆಂಟ್ ಹೇಳಿದ್ದು ಅರ್ಧ ಸತ್ಯವಾಗಿತ್ತು, ಆ ಅರ್ಧ ಸತ್ಯದಿಂದಲೇ ನಾವು ಹೆಚ್ಚು ಮೋಸಹೋಗಿದ್ದೆವು. ಅಮ್ಮ ಕರ್ನಾಟಕದಲ್ಲಿ ದುಡಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೇ ಎಂದು ಕೇಳಿದೆ. ಕೆಲವು ದೇಶಗಳೊಡನೆ ಅಮೆರಿಕಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ, ಭಾರತದೊಡನೆ ಇಲ್ಲ, ಆದ್ದರಿಂದ ಬರುವುದಿಲ್ಲ ಎಂದರು. ನಾನಿಲ್ಲಿ ಕಟ್ಟಿದ ತೆರಿಗೆಯೂ ಅಮ್ಮನ ಲೆಕ್ಕಕ್ಕೆ ಸೇರುವುದಿಲ್ಲ.

ಈ ಸೇವೆಯ ನಿಜವಾದ ಬೆಲೆ ನನಗೆ ತಿಳಿದದ್ದು ದಿನಾಂಕಗಳ ಮಾತು ಬಂದಾಗ. ಮೊದಲ ಸಲ ಸೇರುವುದಕ್ಕೆ ಏಳು ತಿಂಗಳ ಅವಧಿ ಇರುತ್ತದೆ: ಅರ್ಹತೆ ಬರುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ಇಲ್ಲೇ ದುಡಿದವರಿಗೆ ಆ ತಿಂಗಳು 65 ತುಂಬುವ ತಿಂಗಳಾದರೆ, 65 ದಾಟಿ ಬಂದ ನಮ್ಮ ಹಿರಿಯರಿಗೆ ಅದು 5 ವರ್ಷದ ವಾಸ ಪೂರ್ಣವಾಗಿ ಅರ್ಹತೆ ದೊರೆಯುವ ತಿಂಗಳು. ಅಂದರೆ ಅಮ್ಮನ ಅವಧಿ ಮುಗಿದುಹೋಗಿರಲಿಲ್ಲ, ಆಗತಾನೇ ತೆರೆದುಕೊಳ್ಳುತ್ತಿತ್ತು. ಅದನ್ನು ತಪ್ಪಿಸಿಕೊಂಡರೆ ಪ್ರತಿ ವರ್ಷ ಜನವರಿ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು ಅವಕಾಶವಿದೆ, ಆದರೆ ದಂಡದೊಡನೆ. ವೈದ್ಯರ ಭೇಟಿ, ಪರೀಕ್ಷೆಗಳನ್ನು ನೋಡಿಕೊಳ್ಳುವ ಪಾರ್ಟ್ ಬಿಗೆ ತಡಮಾಡಿದ ಪ್ರತಿ 12 ತಿಂಗಳಿಗೆ ಕಂತಿನ ಮೇಲೆ ಶೇಕಡಾ 10 ಸೇರುತ್ತದೆ, ಅದೂ ಮೆಡಿಕೇರ್ ಇರುವಷ್ಟು ಕಾಲವೂ. 2026ರಲ್ಲಿ ಪಾರ್ಟ್ ಬಿ ಕಂತು ತಿಂಗಳಿಗೆ 202.90 ಡಾಲರ್, ಎರಡು ವರ್ಷ ತಡವಾದವರು ಅದರ ಮೇಲೆ 40 ಡಾಲರಿಗೂ ಹೆಚ್ಚನ್ನು ತಿಂಗಳು ತಿಂಗಳೂ ತೆರುತ್ತ ಹೋಗಬೇಕು. ಕಂತು ಕಟ್ಟಿ ಪಾರ್ಟ್ ಎ ಕೊಳ್ಳುವವರಿಗೂ ಶೇಕಡಾ 10ರ ದಂಡ ಉಂಟು, ಅದು ಎಷ್ಟು ವರ್ಷ ತಡವಾಯಿತೋ ಅದರ ಎರಡರಷ್ಟು ವರ್ಷ ನಡೆಯುತ್ತದೆ.

ನಾನು ಕೇಳದೆಯೇ ಅವರು ಹೇಳಿದ ಒಂದು ಮಾತು ನಮ್ಮನ್ನು ಉಳಿಸಿತು. ಅಮ್ಮನಂತೆ ಪಾರ್ಟ್ ಎ ಗೆ ಹಣ ಕಟ್ಟಬೇಕಾದವರು ಮೆಡಿಕೇರ್ ಸೇರದೆ ಮಾರ್ಕೆಟ್‌ಪ್ಲೇಸ್ ವಿಮೆಯಲ್ಲೇ ಮುಂದುವರಿಯುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಉದ್ಯೋಗದ ಮೂಲಕ ಬಂದ ವಿಮೆ ಪಾರ್ಟ್ ಬಿ ದಂಡದಿಂದ ಕಾಪಾಡುವ ಹಾಗೆ ಮಾರ್ಕೆಟ್‌ಪ್ಲೇಸ್ ವಿಮೆ ಕಾಪಾಡುವುದಿಲ್ಲ. ಇರುವ ವಿಮೆ ಚೆನ್ನಾಗಿದೆಯಲ್ಲ, ಇನ್ನೆರಡು ವರ್ಷ ಹೀಗೇ ನಡೆಯಲಿ ಎಂದುಕೊಳ್ಳುವವರಿಗೆ ಇದು ಗೊತ್ತಾಗುವುದು ದಂಡದ ಚೀಟಿ ಬಂದ ಮೇಲೆಯೇ. ನಾನು ಅದೇ ದಾರಿಯಲ್ಲಿದ್ದೆ.

ಖರ್ಚಿನ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ಕ್ರೆಡಿಟ್ ಏನೂ ಇಲ್ಲದವರಿಗೆ 2026ರಲ್ಲಿ ಪಾರ್ಟ್ ಎ ಕಂತು ತಿಂಗಳಿಗೆ 565 ಡಾಲರ್. ಪಾರ್ಟ್ ಬಿ ಸೇರಿದರೆ 767.90. ಇದು ದೊಡ್ಡ ಮೊತ್ತ. ಪಾರ್ಟ್ ಎ ಬಿಟ್ಟು ಪಾರ್ಟ್ ಬಿ ಒಂದನ್ನೇ ತೆಗೆದುಕೊಂಡು, ಅದರ ಜೊತೆಗೆ ಔಷಧಿಯ ಪಾರ್ಟ್ ಡಿ ಸೇರಿಸಿಕೊಳ್ಳುವ ದಾರಿಯೂ ಇದೆ, ಕೆಲವು ಕುಟುಂಬಗಳು ಹಾಗೆ ಮಾಡುತ್ತವೆ. ಆದರೆ ಆಗ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದರೆ ಹಾಸಿಗೆಯ ಖರ್ಚು ಪೂರ್ತಿ ಮನೆಯವರ ತಲೆಗೆ. ಮೇಲಾಗಿ ಎ ಮತ್ತು ಬಿ ಎರಡೂ ಇಲ್ಲದೆ, ಮೆಡಿಕೇರ್ ಕೊಡದೆ ಉಳಿಸುವ ಪಾಲನ್ನು ತುಂಬುವ ಖಾಸಗಿ ಪೂರಕ ವಿಮೆಯಾದ ಮೆಡಿಗ್ಯಾಪ್ ಆಗಲಿ, ಮೂಲ ಮೆಡಿಕೇರಿನ ಬದಲಿಗೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಆಗಲಿ ಸಿಗುವುದಿಲ್ಲ. ಹಿರಿಯರ ಆದಾಯ ಮತ್ತು ಉಳಿತಾಯ ತೀರ ಕಡಿಮೆಯಿದ್ದರೆ ಕಂತುಗಳನ್ನು ರಾಜ್ಯವೇ ಕಟ್ಟುವ ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಮ್‌ಗಳು ಇವೆ. ಮೈಸೂರಿನ ಪಿಂಚಣಿಯನ್ನು ಅವರು ಮೊದಲೇ ಕೇಳಿದ್ದು ಇದಕ್ಕಾಗಿ, ಏಕೆಂದರೆ ಬೇರೆ ದೇಶದ ಆದಾಯವೂ ಆದಾಯವೇ. ಅಂಥ ಅರ್ಜಿಗಳಲ್ಲಿ ಊರಿನ ಪಿಂಚಣಿ, ಬಾಡಿಗೆಗಳನ್ನು ಮರೆತು ಬಿಡಬಾರದು ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದರು.

ಭಾಷೆಯ ಮಾತು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಫೋನಿನ ಮೇಲೆ ವೇಗವಾಗಿ ಆಡುವ ಅಮೆರಿಕನ್ ಇಂಗ್ಲಿಷ್ ಹಿಡಿತಕ್ಕೆ ಸಿಗುವುದಿಲ್ಲ. ಭೇಟಿ ಗೊತ್ತುಮಾಡುವಾಗಲೇ ಕನ್ನಡ ದುಭಾಷಿ ಬೇಕು ಎಂದು ಹೇಳಿದ್ದರಿಂದ ಫೋನಿನ ಮೂಲಕ ಒಬ್ಬರನ್ನು ಸೇರಿಸಿದರು, ಅದಕ್ಕೆ ಹಣ ಕೇಳಲಿಲ್ಲ. ಆದರೆ ದುಭಾಷಿಗೆ ವಿಮೆಯ ಮಾತುಗಳು ಹೊಸವು. ಡಿಡಕ್ಟಿಬಲ್ ಎನ್ನುವುದನ್ನು ಅವರು ಪ್ರತಿ ಸಲವೂ “ಕಡಿತ” ಎಂದೇ ಹೇಳಿದರು. ಪಾರ್ಟ್ ಎ ಯಲ್ಲಿ 1,736 ಡಾಲರ್ ಕಡಿತ ಇದೆಯಮ್ಮಾ ಎಂದಾಗ, ಸಂಬಳ ಬಟವಾಡೆಯ ಕಾಲದಿಂದಲೂ ಕಡಿತ ಎಂದರೆ ಏನೆಂದು ಬಲ್ಲ ಅಮ್ಮ, ತಮ್ಮ ಪಿಂಚಣಿಯಿಂದ ಅಷ್ಟು ಹಣವನ್ನು ಹಿಡಿದುಕೊಳ್ಳುತ್ತಾರೆ ಎಂದು ತಿಳಿದು ಗಾಬರಿಯಾದರು. ವಿಮೆ ತನ್ನ ಪಾಲು ಕೊಡಲು ಶುರುಮಾಡುವ ಮೊದಲು ನಾವು ಕೈಯಿಂದ ಕೊಡಬೇಕಾದ ಮೊತ್ತ ಅದು, ಆಸ್ಪತ್ರೆ ಸೇರಿದರೆ ಮಾತ್ರ ಕೊಡಬೇಕಾದದ್ದು ಎಂದು ನಾನು ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು. ಸಲಹೆಗಾರ್ತಿ ಅಮ್ಮನ ಮುಖ ಬದಲಾದದ್ದನ್ನು ಗಮನಿಸಿ ಮಾತು ನಿಲ್ಲಿಸಿ, ಒಂದು ಕಾಗದದ ಮೇಲೆ ಆಸ್ಪತ್ರೆಯ ಬಿಲ್ಲಿನ ಚಿತ್ರ ಬರೆದು, ಯಾವ ಭಾಗ ನಿಮ್ಮದು ಯಾವ ಭಾಗ ಮೆಡಿಕೇರಿನದು ಎಂದು ತೋರಿಸಿದರು. ದುಭಾಷಿ ಇದ್ದರೂ ಮನೆಯವರೊಬ್ಬರು ಜೊತೆಗಿರಲಿ, ಹೋಗುವ ಮುಂಚಿನ ದಿನ ಪ್ರೀಮಿಯಂ ಎಂದರೆ ಕಂತು, ಡಿಡಕ್ಟಿಬಲ್ ಎಂದರೆ ಏನು, ನೆಟ್‌ವರ್ಕ್ ಎಂದರೆ ಏನು ಎಂದು ಹಿರಿಯರ ಜೊತೆ ಕುಳಿತು ಮಾತಾಡಿಕೊಂಡು ಹೋಗಿ.

ಅಮ್ಮನಿಗೆ ಇದ್ದದ್ದು ಒಂದೇ ದೊಡ್ಡ ಪ್ರಶ್ನೆ.

“ನಾನು ವರ್ಷಕ್ಕೊಂದು ಸಲ ಮೈಸೂರಿಗೆ ಹೋಗುವವಳು. ಅಲ್ಲಿ ಕಾಯಿಲೆ ಬಿದ್ದರೆ ಇವರು ನೋಡಿಕೊಳ್ಳುತ್ತಾರೆಯೇ, ಕೇಳು.”

ಇಲ್ಲ. ತೀರ ಅಪರೂಪದ ಕೆಲವು ಸಂದರ್ಭಗಳನ್ನು ಬಿಟ್ಟರೆ ಅಮೆರಿಕದ ಹೊರಗಿನ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಆದರೆ ಮೆಡಿಗ್ಯಾಪ್‌ನ ಕೆಲವು ಯೋಜನೆಗಳಲ್ಲಿ, ಉದಾಹರಣೆಗೆ ಪ್ಲಾನ್ ಜಿ ಮತ್ತು ಪ್ಲಾನ್ ಎನ್‌ಗಳಲ್ಲಿ, ವಿದೇಶ ಪ್ರವಾಸದ ತುರ್ತು ಚಿಕಿತ್ಸೆಗೆ ನೆರವಿದೆ: ಪ್ರವಾಸದ ಮೊದಲ 60 ದಿನಗಳಲ್ಲಿ ಶುರುವಾದ ತುರ್ತು ಸಂದರ್ಭಕ್ಕೆ, ಮೊದಲ 250 ಡಾಲರ್ ನಾವು ಕೊಟ್ಟ ಮೇಲೆ, ಉಳಿದದ್ದರಲ್ಲಿ ಶೇಕಡಾ 80, ಜೀವಮಾನದಲ್ಲಿ ಒಟ್ಟು 50,000 ಡಾಲರ್ ಮಿತಿಯೊಳಗೆ. ಊರಿಗೆ ಹೋದರೆ ನಾಲ್ಕೈದು ತಿಂಗಳು ಅಲ್ಲೇ ಇರುವ ನಮ್ಮ ಹಿರಿಯರು ಆ 60 ದಿನವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 5 ವರ್ಷ ತುಂಬುವ ಮೊದಲು ಹಾಗೆ ದೀರ್ಘಕಾಲ ಹೊರಗಿದ್ದರೆ ಸತತ ವಾಸದ ಬಗ್ಗೆಯೇ ಪ್ರಶ್ನೆ ಏಳಬಹುದು; ಪಾಸ್‌ಪೋರ್ಟಿನ ಮುದ್ರೆಗಳನ್ನು ಸಲಹೆಗಾರ್ತಿ ಒಂದೊಂದಾಗಿ ನೋಡಿದ್ದು ಅದಕ್ಕೇ.

ಮೆಡಿಗ್ಯಾಪ್ ಬೇಕೆನ್ನುವವರಿಗೆ ಇನ್ನೊಂದು ಗಡುವು ಇದೆ. ಪಾರ್ಟ್ ಬಿ ಜಾರಿಗೆ ಬಂದ ತಿಂಗಳಿಂದ 6 ತಿಂಗಳೊಳಗೆ ಅರ್ಜಿ ಹಾಕಿದರೆ ಮಧುಮೇಹ, ರಕ್ತದೊತ್ತಡಗಳ ಕಾರಣ ಹೇಳಿ ಕಂಪನಿ ನಿರಾಕರಿಸುವಂತಿಲ್ಲ. ಆ ಕಾಲ ಕಳೆದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿಗಳು ಆರೋಗ್ಯದ ಪ್ರಶ್ನೆ ಕೇಳಬಹುದು, ಬೇಡವೆನ್ನಲೂಬಹುದು. ಮೆಡಿಗ್ಯಾಪ್ ಇಲ್ಲದ ಮೂಲ ಮೆಡಿಕೇರ್‌ನಲ್ಲಿ, ಪಾರ್ಟ್ ಬಿ ಸೇವೆಗಳಿಗೆ ನಾವು ಕೊಡಬೇಕಾದ ಶೇಕಡಾ 20ಕ್ಕೆ ಮೇಲ್ಮಿತಿಯೇ ಇಲ್ಲ ಎನ್ನುವುದು ನನಗೆ ಆ ದಿನದವರೆಗೂ ಗೊತ್ತಿರಲಿಲ್ಲ. ಅಡ್ವಾಂಟೇಜ್ ಯೋಜನೆಗಳಲ್ಲಿ ವರ್ಷದ ಮೇಲ್ಮಿತಿ ಇರುತ್ತದೆ, ಹಲ್ಲು ಮತ್ತು ಕನ್ನಡಕದ ಸೌಲಭ್ಯ ಇರುವುದೂ ಉಂಟು. ಅದಕ್ಕೆ ಪ್ರತಿಯಾಗಿ ಯೋಜನೆ ಒಪ್ಪಿಕೊಂಡ ವೈದ್ಯರ ನೆಟ್‌ವರ್ಕ್ ಮತ್ತು ಮುಂಚಿತ ಅನುಮತಿಯ ಕಟ್ಟುಪಾಡುಗಳಿರುತ್ತವೆ. ಜಾಹೀರಾತಿನಲ್ಲಿ ಸೊನ್ನೆ ಕಂತು ಎಂದು ಬರೆದಿದ್ದರೂ ಅಮ್ಮನಂಥವರು ಎ ಮತ್ತು ಬಿ ಕಂತುಗಳನ್ನು ಕಟ್ಟಲೇಬೇಕು.

ಔಷಧಿಯ ಭಾಗ ಬೇಗ ಮುಗಿಯಿತು. ಅಮ್ಮನ ಮಾತ್ರೆಗಳ ಡಬ್ಬಿಗಳನ್ನು ಮೇಜಿನ ಮೇಲೆ ಜೋಡಿಸಿ, ಹೆಸರು ಮತ್ತು ಪ್ರಮಾಣವನ್ನು ಮೆಡಿಕೇರಿನ ಜಾಲತಾಣದಲ್ಲಿ ಹಾಕಿ, ನಮ್ಮ ಮನೆಯ ಹತ್ತಿರದ ಔಷಧಿ ಅಂಗಡಿಯಲ್ಲಿ ಯಾವ ಪಾರ್ಟ್ ಡಿ ಯೋಜನೆಗೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ತೋರಿಸಿದರು. ಯೋಜನೆಯ ಪಟ್ಟಿಯಲ್ಲಿರುವ ಔಷಧಿಗಳಿಗೆ 2026ರಲ್ಲಿ ಒಬ್ಬರು ಕೈಯಿಂದ ಕೊಡಬೇಕಾದ ಮೊತ್ತ 2,100 ಡಾಲರ್ ದಾಟುವುದಿಲ್ಲ.

ಸೇವೆಯ ಮಿತಿಗಳನ್ನೂ ಹೇಳಬೇಕು. ಕೊನೆಯಲ್ಲಿ, ನಿಮ್ಮ ತಾಯಿಯಾಗಿದ್ದರೆ ನೀವು ಯಾವುದನ್ನು ಆರಿಸುತ್ತಿದ್ದಿರಿ ಎಂದು ನಾನು ಕೇಳಿದೆ. ಅದನ್ನು ನಾವು ಹೇಳುವ ಹಾಗಿಲ್ಲ ಎಂದು ಅವರು ನಯವಾಗಿ ತಪ್ಪಿಸಿಕೊಂಡರು. ಆ ಕ್ಷಣಕ್ಕೆ ನಿರಾಸೆಯಾದದ್ದು ನಿಜ. ಇಷ್ಟೆಲ್ಲ ಕೇಳಿದ ಮೇಲೆ ಒಂದು ಹೆಸರು ಹೇಳಿಬಿಟ್ಟರೆ ಸಾಕಪ್ಪಾ ಎನ್ನುವ ಆಯಾಸ ಯಾರಿಗಾದರೂ ಬರುತ್ತದೆ. ಆದರೆ ಮಾರಾಟದ ಹಿತಾಸಕ್ತಿ ಇಲ್ಲದವರು ಆಯ್ಕೆಯನ್ನು ನಮಗೇ ಬಿಡುವುದು ಸರಿ ಎಂದು ಈಗ ಅನಿಸುತ್ತದೆ. ಎರಡನೆಯ ಮಿತಿ, ಎ ಮತ್ತು ಬಿಗೆ ನೋಂದಣಿ ಆಗುವುದು ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ, ಇವರಲ್ಲಿ ಅಲ್ಲ. ಇವರು ಅರ್ಜಿಯನ್ನು ವಿವರಿಸಿ, ಏನೇನು ಕಾಗದ ಬೇಕು ಎಂದು ಹೇಳಿ ಕಳಿಸುತ್ತಾರೆ. ಸಲಹೆಗಾರರೆಲ್ಲರೂ ನಮ್ಮ ಸಲಹೆಗಾರ್ತಿಯಷ್ಟೇ ಅನುಭವಿಗಳಾಗಿರುತ್ತಾರೆ ಎಂದು ಭಾವಿಸುವಂತಿಲ್ಲ; ಆದ್ದರಿಂದ ಭೇಟಿ ಕೇಳುವಾಗಲೇ, ಕ್ರೆಡಿಟ್ ಇಲ್ಲದ ಗ್ರೀನ್ ಕಾರ್ಡ್ ಹಿರಿಯರ ವಿಷಯ ಎಂದು ಹೇಳಿ, ಅದನ್ನು ಬಲ್ಲವರನ್ನೇ ಕೇಳಿ ಪಡೆಯುವುದು ಮೇಲು.

ಕಾಗದಗಳ ವಿಷಯದಲ್ಲಿ ಅವರು ಕೊಟ್ಟ ಎಚ್ಚರಿಕೆ ನಮ್ಮವರಿಗೆ ಬಹಳ ಉಪಯುಕ್ತ. ಅಮ್ಮನ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್‌ಗಳನ್ನು ಬಿಡಿಸಿ ಊರು, ತಂದೆಯ ಹೆಸರುಗಳನ್ನು ಪೂರ್ತಿ ಬರೆದಿದೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅದರಲ್ಲಿ ಒಂದು ಬಿಟ್ಟುಹೋಗಿತ್ತು. ಈ ವ್ಯತ್ಯಾಸ ಮೊದಲು ಸರಿಪಡಿಸಿ, ಆಮೇಲೆ ಮೆಡಿಕೇರ್ ಅರ್ಜಿ ಹಾಕಿ ಎಂದರು. ಜನನ ಪ್ರಮಾಣಪತ್ರವೇ ಇಲ್ಲದ, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದ ದಿನಾಂಕವೇ ಹುಟ್ಟಿದ ದಿನವಾಗಿಹೋದ ತಲೆಮಾರು ಅದು. ಮನೆಯಲ್ಲಿ ಜಾತಕದ ಪ್ರಕಾರ ಯಾವ ದಿನ ಹಬ್ಬ ಮಾಡಿದರೂ, ಎಲ್ಲ ದಾಖಲೆಗಳಲ್ಲೂ ಒಂದೇ ದಿನಾಂಕ ಇದೆಯೇ ಎಂದು ನೋಡಿಕೊಳ್ಳಬೇಕು.

ಮಾರ್ಚ್‌ನಲ್ಲಿ 5 ವರ್ಷ ತುಂಬಿದ ಕೂಡಲೇ ನಾವು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಕಿಟಕಿಯಲ್ಲಿದ್ದ ಗುಮಾಸ್ತರು ಮೊದಲು ಕ್ರೆಡಿಟ್ ಇಲ್ಲವಲ್ಲ ಎಂದೇ ಕೇಳಿದರು. ಕಂತು ಕಟ್ಟಿ ಎ ಮತ್ತು ಬಿ ಎರಡನ್ನೂ ಕೊಳ್ಳುತ್ತೇವೆ, ಐದು ವರ್ಷದ ವಾಸದ ದಾಖಲೆಗಳು ಇಲ್ಲಿವೆ ಎಂದು, ಸಲಹೆಗಾರ್ತಿ ಬರೆದುಕೊಟ್ಟಿದ್ದ ಚೀಟಿಯನ್ನು ನೋಡಿಕೊಂಡು ಹೇಳಿದೆ. ಮತ್ತೆ ಮಾತು ಬೆಳೆಯಲಿಲ್ಲ. ಆ ಚೀಟಿ ಇಲ್ಲದಿದ್ದರೆ ನಾನು ಅಲ್ಲಿಂದ ವಾಪಸ್ಸು ಬಂದುಬಿಡುತ್ತಿದ್ದೆ ಎಂದು ಖಂಡಿತವಾಗಿ ಹೇಳಬಲ್ಲೆ. ಅದೇ ಕಾರಣಕ್ಕೆ, ಕಾಯುವಿಕೆ ಮತ್ತು ದುಭಾಷಿಯ ತೊಡಕನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಈ ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ.

ಕೆಂಪು, ಬಿಳಿ, ನೀಲಿ ಪಟ್ಟಿಯ ಕಾರ್ಡ್ ಬಂದಾಗ ಅಮ್ಮ ಅದನ್ನು ದೇವರ ಮುಂದಿಟ್ಟು ಆಮೇಲೆ ಪರ್ಸಿಗೆ ಸೇರಿಸಿದರು. ಫೋನ್ ಮಾಡಿ ಕಾರ್ಡಿನ ಸಂಖ್ಯೆ ಕೇಳುವವರಿಗೆ ಅದನ್ನು ಹೇಳಕೂಡದು, ಮೆಡಿಕೇರಿನವರು ತಾವಾಗಿ ಹಾಗೆ ಕರೆ ಮಾಡಿ ಕೇಳುವುದಿಲ್ಲ ಎಂಬ ಮಾತನ್ನು ಅವರೇ ಈಗ ತಮ್ಮ ಸ್ನೇಹಿತೆಯರಿಗೆ ಹೇಳುತ್ತಿದ್ದಾರೆ. ಪ್ಲಾನ್ ಜಿ ಅರ್ಜಿಯನ್ನು ಆರು ತಿಂಗಳ ಗಡುವಿನೊಳಗೆ ಹಾಕಿದ್ದಾಯಿತು. ಈ ನಡುವೆ ವೈದ್ಯರು ಅಮ್ಮನ ಒಂದು ಮಾತ್ರೆಯನ್ನು ಬದಲಿಸಿದ್ದಾರೆ. ಅಕ್ಟೋಬರ್ ಬರುವ ಮೊದಲೇ ಮತ್ತೆ ಕರೆ ಮಾಡಿ ಭೇಟಿಗೆ ದಿನ ಗೊತ್ತುಮಾಡಿಕೊಳ್ಳಬೇಕು.